ಕನ್ನಡದಲ್ಲಿ ನಾನು ಫೇಲಾದ ಮಧ್ಯಾಹ್ನ

ಈ ಜನವರಿಯಲ್ಲಿ ನಾನು ಕನ್ನಡದಲ್ಲಿ ಫೇಲಾದೆ.

ತಮಾಷೆ ಅಲ್ಲ. ಇಪ್ಪತ್ತೈದಕ್ಕೆ ಏಳು. ವಾರ ವಾರ ಇದೇ ಜಾಗದಲ್ಲಿ ಕೂತು ಕನ್ನಡದಲ್ಲೇ ನಿಮ್ಮ ತಲೆ ತಿನ್ನುವ ಇದೇ ಆಸಾಮಿ, ಹತ್ತನೇ ಕ್ಲಾಸಿನ ಕನ್ನಡ ಕಿರು ಪರೀಕ್ಷೆಯಲ್ಲಿ ಗೋತಾ ಹೊಡೆದ. ನನ್ನ ಪೇಪರ್ ತಿದ್ದಿದವಳು ಮನೆಯಲ್ಲಿ ತೆಲುಗು ಮಾತಾಡುವ ಹದಿನೈದರ ಹುಡುಗಿ. (ನಗಬೇಡಿ. ನಕ್ಕರೂ ಪರವಾಗಿಲ್ಲ, ಮನೆಯಲ್ಲಿ ಎಲ್ಲರೂ ನಕ್ಕಾಗಿದೆ.)

ಆದದ್ದು ಇಷ್ಟು. ಕಳೆದ ವರ್ಷದ ಕೊನೆಗೆ ಈ ಅಂಕಣದಲ್ಲಿ ಹೈಸ್ಕೂಲ್ ಮಕ್ಕಳು ಪರೀಕ್ಷೆಗೆ ಹೇಗೆ ತಯಾರಾಗಬೇಕು ಅಂತ ಉಪದೇಶ ಬರೆದಿದ್ದೆ. ಬೆಳಗಿನ ಜಾವ ಏಳಿ, ಮೂರು ಬಣ್ಣದ ಪೆನ್ನಲ್ಲಿ ಗೆರೆ ಹಾಕಿ, ಏಕಾಗ್ರತೆ ಇರಲಿ, ಆತ್ಮವಿಶ್ವಾಸ ಇರಲಿ, ನೀರು ಕುಡಿಯಿರಿ. ಬರೆಯುವಾಗ ಎಷ್ಟು ಸಲೀಸಾಗಿತ್ತು ಅಂತೀರಿ! ಪರೀಕ್ಷೆ ಬೇರೆಯವರದ್ದಾದರೆ ಸಲಹೆಗೇನು ಬರ? ಅದು ವಾಟ್ಸಾಪ್‌ನಲ್ಲಿ ಊರೆಲ್ಲ ಸುತ್ತಿ, ಕೊನೆಗೆ ನನಗೇ ವಾಪಸ್ ಬಂತು. 'ಪೋಷಕರು ತಪ್ಪದೇ ಓದಿ' ಅನ್ನೋ ಒಕ್ಕಣೆ ಸಮೇತ. ನನ್ನ ಹೆಸರು ಮಾತ್ರ ಇರಲಿಲ್ಲ.

ಅದನ್ನು ಪೇಪರ್‌ನಲ್ಲೇ ಓದಿ ಶಕುಂತಲಾ ಫೋನ್ ಮಾಡಿದಳು. ಮಧುಗಿರಿ ಕಾಲೇಜಿನಲ್ಲಿ ನನ್ನ ಕ್ಲಾಸ್‌ಮೇಟ್. ಊರು ಕೊರಟಗೆರೆ. ಈಗ ವೈ.ಎನ್.ಹೊಸಕೋಟೆ ಕಡೆಯ ಒಂದು ಹೈಸ್ಕೂಲಲ್ಲಿ ಕನ್ನಡ ಟೀಚರ್. "ಬಂದು ನಮ್ಮ ಮಕ್ಕಳಿಗೆ ನಾಲ್ಕು ಮಾತು ಹೇಳೋ. ನಾವು ಹೇಳಿದ್ರೆ ಕೇಳಲ್ಲ, ಪೇಪರ್‌ನೋರು ಹೇಳಿದ್ರೆ ಕೇಳಬಹುದು" ಅಂದಳು.

ಬಿಡ್ತೀನಾ? ಇಸ್ತ್ರಿ ಮಾಡಿದ ಜುಬ್ಬಾ ಹಾಕ್ಕೊಂಡು ಮಧುಗಿರಿಯಲ್ಲಿ ಪಾವಗಡದ ಬಸ್ ಹತ್ತಿದೆ. ಕಿಟಕಿ ಪಕ್ಕ ಸೀಟು ಸಿಕ್ಕಿತು. ಪಾವಗಡದ ಬೆಟ್ಟ ಕಣ್ಣಿಗೆ ಬೀಳುವ ಹೊತ್ತಿಗೆ ನನ್ನ ಭಾಷಣ ನನಗೇ ಎಷ್ಟು ಇಷ್ಟವಾಗಿತ್ತೆಂದರೆ, ಪಕ್ಕದಲ್ಲಿ ಕೂತಿದ್ದವರಿಗೂ ಒಂದು ಸಲ ಹೇಳಿಬಿಡೋಣ ಅನ್ನಿಸಿತು. ಅವರು ನಿದ್ದೆ ಹೋಗಿದ್ದರು. ಸೂಚನೆ ಅಲ್ಲೇ ಇತ್ತು, ನಾನು ಗಮನಿಸಲಿಲ್ಲ.

ಭಾಷಣ ಜೋರಾಗೇ ಆಯಿತು. ಚಪ್ಪಾಳೆಯೂ ಬಿತ್ತು. "ಏನಾದರೂ ಪ್ರಶ್ನೆ ಇದ್ದರೆ ಕೇಳಿ" ಅಂದೆ. ಮುಂದಿನ ಸಾಲಿನ ಹುಡುಗಿ ಎದ್ದಳು. "ಸಾರ್, ಬೆಳಗಿನ ಜಾವ ಎದ್ರೆ ಕ್ಲಾಸಲ್ಲಿ ನಿದ್ದೆ ಬರುತ್ತೆ. ಏನ್ ಮಾಡ್ಬೇಕು?"

"ಒಳ್ಳೆಯ ಪ್ರಶ್ನೆ" ಅಂದೆ. (ಉತ್ತರ ಗೊತ್ತಿಲ್ಲದ ಭಾಷಣಕಾರರೆಲ್ಲ ಹೀಗೇ ಅನ್ನುವುದು.)

ಆಮೇಲೆ ಕೊನೆಯ ಸಾಲಿನಿಂದ ಇನ್ನೊಬ್ಬಳು ಎದ್ದಳು. ತೆಳ್ಳಗಿನ ಹುಡುಗಿ, ಎಣ್ಣೆ ಹಚ್ಚಿ ಬಿಗಿಯಾಗಿ ಹಾಕಿದ ಎರಡು ಜಡೆ. ನೆಲ ನೋಡುತ್ತಲೇ ಕೇಳಿದಳು. "ಸಾರ್, ಮನೇಲಿ ಎಲ್ಲಾ ಓದಿರ್ತೀನಿ. ಪೇಪರ್ ಕೈಗೆ ಬಂದ ತಕ್ಷಣ ಎಲ್ಲಾ ಹೋಗ್ಬುಡುತ್ತೆ. ಆಗ ಹೆಂಗೆ ಸಾರ್?"

"ಭಯ ಪಡಬಾರದಮ್ಮ. ಧೈರ್ಯವಾಗಿರಬೇಕು" ಅಂದೆ.

"ಸರಿ ಸಾರ್" ಅಂತ ಕೂತಳು. ನಾನು ಹೇಳಿದ್ದು, ಜ್ವರ ಬಂದವರಿಗೆ 'ಜ್ವರ ಬರಿಸ್ಕೋಬಾರದು' ಅಂದ ಹಾಗಿತ್ತು. ಅದು ನನಗೆ ಹೊಳೆದದ್ದು ಆಮೇಲೆ. ಆಗ ಮಾತ್ರ ಸಮಾಧಾನ ಹೇಳಿದ ಸಂತೋಷದಲ್ಲಿದ್ದೆ.

ಬಿಸಿಯೂಟದ ಹೊತ್ತಲ್ಲಿ ಶಕುಂತಲಾ ಆ ಹುಡುಗಿಯ ಕತೆ ಹೇಳಿದಳು. ಹೆಸರು ಅನಿತಾ. ಮನೆಮಾತು ತೆಲುಗು. ಲೆಕ್ಕ, ಸೈನ್ಸ್ ಹೇಗೋ ಆಗುತ್ತೆ, ಕನ್ನಡ ಅಂದರೆ ನಡುಕ. ಎರಡು ಟೆಸ್ಟ್‌ನಲ್ಲಿ ಹೆಸರು, ರೋಲ್ ನಂಬರ್ ಬಿಟ್ಟು ಹೆಚ್ಚೇನೂ ಬರೆದಿಲ್ಲ. ಹಿಂದೂಪುರದಲ್ಲಿ ಅವಳ ಸೋದರತ್ತೆ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ತಾನೂ ಅಲ್ಲಿಗೇ ಹೋಗ್ತೀನಿ, ಪರೀಕ್ಷೆಗೆ ಕೂರಲ್ಲ ಅಂತ ಮನೆಯಲ್ಲಿ ಹೇಳಿಬಿಟ್ಟಿದ್ದಾಳೆ. ಅಮ್ಮನಿಗೆ ಒಪ್ಪಿಗೆ ಇಲ್ಲ. ಶಾಲೆಗೆ ಬಂದು ಟೀಚರ್ ಮುಂದೆ ಅತ್ತು ಹೋಗಿದ್ದಾರೆ.

"ಓದಲ್ಲ ಅಂತಲ್ಲ ಕಣೋ. ಓದಿದ್ದನ್ನೇ ಓದ್ತಾಳೆ, ಓದಿದ್ದನ್ನೇ ಓದ್ತಾಳೆ. ಪುಸ್ತಕ ಮುಚ್ಚೋದೇ ಇಲ್ಲ. ಮುಚ್ಚಿದ್ರೆ ಬರಲ್ಲ ಅಂತ ಗೊತ್ತಾಗಿಬಿಡುತ್ತಲ್ಲ, ಆ ಭಯ" ಅಂದಳು ಶಕುಂತಲಾ. ಆಮೇಲೆ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾಂಬಾರ್ ಹಾಕಿ, ಸಹಜವಾಗಿ ಅನ್ನೋ ಹಾಗೆ ಹೇಳಿದಳು. "ಊಟ ಆದ್ಮೇಲೆ ಕನ್ನಡ ಟೆಸ್ಟ್ ಇದೆ. ನೀನೂ ಬರಿ. ಮಕ್ಕಳಿಗೆ ಖುಷಿ ಆಗುತ್ತೆ."

ಹತ್ತನೇ ಕ್ಲಾಸಿನ ಕನ್ನಡ! ನನಗೆ! "ಅಷ್ಟೇ ತಾನೆ?" ಅಂದೆ. ಅನ್ನುವಾಗ ಜುಬ್ಬಾದ ತೋಳು ಬೇರೆ ಮಡಿಸಿದೆ.

ಕೊನೆಯ ಬೆಂಚು ಖಾಲಿ ಇತ್ತು. ಪಕ್ಕದ ಸಾಲಿನ ಕೊನೆಯಲ್ಲಿ ಅನಿತಾ. ಪ್ರಶ್ನೆಪತ್ರಿಕೆ ಕೈಗೆ ಬಂತು. ಓದಿದೆ. ಇನ್ನೊಂದು ಸಲ ಓದಿದೆ. ಅಕ್ಷರಗಳು ಕಾಣುತ್ತಿದ್ದವು, ಅರ್ಥ ಒಳಗೆ ಇಳಿಯುತ್ತಿರಲಿಲ್ಲ. ಸಂಧಿ ಹೆಸರಿಸಿ. ಗಣ ವಿಭಾಗಿಸಿ. ಪದ್ಯ ಪೂರ್ಣಗೊಳಿಸಿ. ಇವೆಲ್ಲ ಒಂದು ಕಾಲದಲ್ಲಿ ನನಗೆ ಬರುತ್ತಿದ್ದವಲ್ಲವೇ? ಪದ್ಯದ ಧಾಟಿ ಪೂರ್ತಿ ನೆನಪಾಯಿತು. ಪದಗಳು ಮಾತ್ರ ಒಂದೂ ಬರಲಿಲ್ಲ. ಉತ್ತರ ಪತ್ರಿಕೆಯಲ್ಲಿ ಗುನುಗಲು ಆಗುತ್ತದೆಯೇ?

ಅಂಗೈ ಬೆವರಿತು. ಹೌದು ಸ್ವಾಮಿ, ನನ್ನದೇ ಅಂಗೈ. ಸೋತರೆ ಕಳೆದುಕೊಳ್ಳುವುದು ಏನೂ ಇಲ್ಲದವನ ಅಂಗೈ. ಪಕ್ಕಕ್ಕೆ ನೋಡಿದೆ. ಅನಿತಾ ಕಿಟಕಿ ಕಡೆ ನೋಡುತ್ತಿದ್ದಳು. ಪೆನ್ನು ಬೆಂಚಿನ ಮೇಲೆ ಬಿದ್ದಿತ್ತು. ನಾನೂ ಸ್ವಲ್ಪ ಹೊತ್ತು ಕಿಟಕಿ ನೋಡಿದೆ.

ಆಮೇಲೆ ನನಗೆ ಬರುವುದನ್ನೇ ಮೊದಲು ಬರೆಯೋಣ ಅಂತ ಪ್ರಬಂಧಕ್ಕೆ ಕೈ ಹಾಕಿದೆ. ವಿಷಯ ಗ್ರಂಥಾಲಯದ ಮಹತ್ವ. ಅಂಕಣಕಾರನಿಗೆ ಇದಕ್ಕಿಂತ ಬೇಕೇ? ಬರೆದೇ ಬರೆದೆ. ಜೋಕ್ ಹಾಕಿದೆ, ಕಂಸದಲ್ಲಿ ಚುಚ್ಚುಮಾತು ಹಾಕಿದೆ. ತಲೆ ಎತ್ತುವಷ್ಟರಲ್ಲಿ ಪೀರಿಯಡ್ಡಿನ ಮುಕ್ಕಾಲು ಭಾಗ ಮುಗಿದಿತ್ತು. ಊರಿಗೆ ಬಸ್ ಬೇಕೆಂಬ ಮನವಿ ಪತ್ರವನ್ನು ನಿಂತ ಕಾಲಲ್ಲಿ ಗೀಚಿದೆ. 'ಮಳೆಗಾಲ' ಯಾವ ಸಂಧಿ ಅಂತ ಕೇಳಿದ್ದರು. ಮಳೆ ಆಗಮಿಸುವ ಕಾಲ ತಾನೆ? ಆಗಮ ಸಂಧಿ ಅಂತ ಬರೆದೆ. ಬೆಲ್ ಹೊಡೆಯಿತು.

ಶಕುಂತಲಾ ಕ್ಲಾಸಿನಲ್ಲಿ ಪೇಪರ್‌ಗಳನ್ನು ಮಕ್ಕಳೇ ಅದಲು ಬದಲು ಮಾಡಿಕೊಂಡು ತಿದ್ದುತ್ತಾರೆ. ನನ್ನದನ್ನು ತೆಗೆದುಕೊಂಡು ಹೋಗಿ ಅವಳು ಅನಿತಾ ಮುಂದೆ ಇಟ್ಟಳು.

"ಅಯ್ಯೋ, ನಂಗೆ ಬ್ಯಾಡ ಮಿಸ್! ನಂಗೇ ಬರಲ್ಲ, ಸಾರ್‌ದು ಹೆಂಗೆ ತಿದ್ಲಿ?"

"ಸುಮ್ನೆ ಓದಮ್ಮ. ಸರಿ ಇಲ್ಲ ಅನ್ಸಿದ್ರೆ ಗೆರೆ ಹಾಕು. ಅಷ್ಟೇ."

ಕೆಂಪು ಪೆನ್ನು ಹಿಡಿದು ಅನಿತಾ ಓದತೊಡಗಿದಳು. ಮೊದಲು ಹೆದರಿ ಹೆದರಿ. ಆಮೇಲೆ ಹುಬ್ಬು ಗಂಟಾಯಿತು. ನಾನು ಎದುರಿಗೇ ನಿಂತಿದ್ದೆ, ಹಲ್ಲು ಕೀಳಿಸಿಕೊಳ್ಳಲು ಬಂದವನ ಹಾಗೆ.

"ಮಿಸ್, ಇದು ಕಾದು..." ತೆಲುಗು ಬಾಯಿಗೆ ಬಂತು, ತಿದ್ದಿಕೊಂಡಳು. "ಅಲ್ಲ ಮಿಸ್. ಮಳೆ, ಕಾಲ. ಕಾಲ ಹೋಗಿ ಗಾಲ ಬಂದೈತೆ. ಕ ಜಾಗಕ್ಕೆ ಗ. ಆದೇಶ ಅಲ್ವಾ?"

"ಆಮೇಲೆ?" ಅಂದಳು ಶಕುಂತಲಾ. ಮುಖದಲ್ಲಿ ಏನೂ ತೋರಿಸಿಕೊಳ್ಳಲಿಲ್ಲ.

"ಲೆಟರ್‌ನಾಗೆ 'ಇಂದ' ಇಲ್ಲ, 'ಗೆ' ಇಲ್ಲ, 'ವಿಷಯ' ಇಲ್ಲ. ಯಾರಿಗೆ ಬರ್ದವ್ರೋ ಗೊತ್ತೇ ಆಗಲ್ಲ. ಸೈನೂ ಮಾಡಿಲ್ಲ." ಹಾಳೆ ತಿರುಗಿಸಿದಳು. "ಪ್ರಬಂಧಕ್ಕೆ ಪೀಠಿಕೆ ಹಾಕಿಲ್ಲ, ಉಪಸಂಹಾರಾನೂ ಇಲ್ಲ. ನಡುವೆ ಏನೋ ಜೋಕ್ ಬರ್ದವ್ರೆ. ಅದಕ್ಕೂ ಮಾರ್ಕ್ಸ್ ಕೊಡ್ಬೇಕಾ ಮಿಸ್?"

ಕ್ಲಾಸ್ ಹೋ ಅಂತ ನಕ್ಕಿತು. ಇಪ್ಪತ್ತು ವರ್ಷದಿಂದ ನಾನು ಹೊಟ್ಟೆಪಾಡಿಗೆ ಮಾಡುತ್ತಿರುವುದು ಅದನ್ನೇ ಕಣಮ್ಮ ಅನ್ನಬೇಕೆನ್ನಿಸಿತು.

ಕೂಡಿ ನೋಡಿದಳು. ಏಳು. ನನ್ನ ಕಡೆ ಓರೆಗಣ್ಣಲ್ಲಿ ನೋಡಿದಳು, ಮಿಸ್ ಮುಖ ನೋಡಿದಳು. "ಪಾಪ, ದೂರದಿಂದ ಬಂದವ್ರೆ. ಎಲ್ಡು ಜಾಸ್ತಿ ಹಾಕ್ಲಾ ಮಿಸ್?"

"ಬೇಡ" ಅಂದಳು ಶಕುಂತಲಾ. (ಹಳೆಯ ಸ್ನೇಹ ಇಷ್ಟೇ ನೋಡಿ.)

ಆಮೇಲೆ ಅನಿತಾಳದೇ ಪೇಪರ್ ತೆಗೆದು ಅವಳ ಮುಂದೆ ಇಟ್ಟಳು. ಖಾಲಿ. "ಆದೇಶ ಸಂಧಿ ಗೊತ್ತು. ಪತ್ರ ಗೊತ್ತು. ಪೀಠಿಕೆ ಗೊತ್ತು. ಇಲ್ಲಿ ಯಾಕೆ ಬರೀಲಿಲ್ಲ?"

"ಆವಾಗ ಗೊತ್ತಿರ್ಲಿಲ್ಲ ಮಿಸ್."

"ಅರ್ಧ ಗಂಟೆಯಲ್ಲಿ ಹೇಗೆ ಗೊತ್ತಾಯ್ತು?"

ಹುಡುಗಿ ಯೋಚಿಸಿದಳು. "ಸಾರ್ ತಪ್ಪು ಬರ್ದವ್ರಲ್ಲ, ನೋಡಿದ್ ತಕ್ಷಣ ಗೊತ್ತಾಗ್ಬುಡ್ತು."

ಅನಿತಾ ನನ್ನ ಕಡೆ ತಿರುಗಿದಳು. ಮೊದಲ ಸಲ ನೇರವಾಗಿ ಮುಖ ನೋಡಿ ಕೇಳಿದಳು. "ಸಾರ್, ನಿಮಗೂ ಎಲ್ಲಾ ಹೋಗ್ಬುಡ್ತಾ?"

ಬೆಳಗ್ಗೆಯಾಗಿದ್ದರೆ ಏನಾದರೂ ದೊಡ್ಡ ಮಾತು ಆಡಿರುತ್ತಿದ್ದೆ. "ಹೂಂ ಕಣಮ್ಮ. ಎಲ್ಲಾ ಹೋಯ್ತು. ಕೈ ಬೆವರಿತು. ಕಿಟಕಿ ನೋಡ್ತಾ ಕೂತೆ" ಅಂದೆ.

"ಆಮೇಲೆ?"

"ಆಮೇಲೆ ಏನು, ಬಂದಿದ್ದು ಬರೆದೆ. ಒಂದಿಷ್ಟು ಬರೆದ ಮೇಲೆ ಇನ್ನೊಂದಿಷ್ಟು ಬಂತು. ತಪ್ಪುತಪ್ಪಾಗಿ."

"ನಾನು ಪೆನ್ನೇ ಮುಟ್ಟಲ್ಲ ಸಾರ್" ಅಂದಳು. ಸಣ್ಣ ದನಿಯಲ್ಲಿ. ಅದೊಂದು ಹೊಸ ವಿಷಯ ತನಗೇ ಈಗ ತಿಳಿದ ಹಾಗೆ.

ಅವತ್ತಿಂದ ಶಕುಂತಲಾ ಒಂದು ಕೆಲಸ ಶುರು ಮಾಡಿದಳು. ಅನಿತಾಗೆ ದಿನಾ ಯಾರದಾದರೂ ಒಂದು ಪೇಪರ್ ತಿದ್ದಲು ಕೊಡೋದು. ಆಮೇಲೆ ಅದೇ ಪ್ರಶ್ನೆಗೆ ಪುಸ್ತಕ ಮುಚ್ಚಿ, ಗಡಿಯಾರ ಇಟ್ಟುಕೊಂಡು, ಅವಳಿಂದಲೇ ಉತ್ತರ ಬರೆಸೋದು. ಗೊತ್ತಿರುವ ಪ್ರಶ್ನೆ ಮೊದಲು. ತಡೆದರೆ ಅಲ್ಲೇ ಕೂರುವ ಹಾಗಿಲ್ಲ, ಮುಂದಕ್ಕೆ ಹೋಗಬೇಕು. ನನ್ನ ಹಾಗೆ ಒಂದೇ ಪ್ರಬಂಧಕ್ಕೆ ಇಡೀ ಪೀರಿಯಡ್ ಸುರಿಯುವ ಹಾಗಿಲ್ಲ. ("ನಿನ್ನ ಪೇಪರ್ ಇಟ್ಕೊಂಡಿದೀನಿ ಕಣೋ, ಹೇಗೆ ಬರೀಬಾರ್ದು ಅಂತ ತೋರಿಸೋಕೆ ಅನುಕೂಲ" ಅಂದಳು ಫೋನಲ್ಲಿ. ನನ್ನ ಬರಹ ಪಠ್ಯವಾದದ್ದು ಹೀಗೆ.)

ಸುಲಭವಾಗೇನೂ ನಡೆಯಲಿಲ್ಲ. ಪೂರ್ವಸಿದ್ಧತಾ ಪರೀಕ್ಷೆಯ ದಿನ ಅನಿತಾ ಮತ್ತೆ ಹೆದರಿ ಶಾಲೆಗೇ ಬರಲಿಲ್ಲ. ಶಕುಂತಲಾ ಅವಳ ಮನೆಗೇ ಹೋದಳು. ಅನಿತಾಳ ಅಮ್ಮ ಅಂಗಳದಲ್ಲಿ ಕಡಲೇಕಾಯಿ ಬಿಡಿಸುತ್ತಿದ್ದರಂತೆ. "ನೀನು ಓದಿದ್ದು ನಂಗೆ ಹೇಳು. ನಂಗೆ ಏನೂ ಬರಲ್ಲ, ನನ್ನ ಮುಂದೆ ಏನ್ ಭಯ?" ಅಂದರಂತೆ ಮಗಳಿಗೆ, ತೆಲುಗಿನಲ್ಲಿ. ಅವಳು ಕನ್ನಡದ ಪಾಠವನ್ನು ಅಮ್ಮನಿಗೆ ತೆಲುಗಿನಲ್ಲಿ ಹೇಳಿದಳು. ಅಮ್ಮ ನಡುನಡುವೆ "ಯಾಕೆ? ಅವನ್ಯಾಕೆ ಹಂಗೆ ಮಾಡಿದ?" ಅಂತ ಕೇಳುತ್ತಾ ಹೋದರು. ಉತ್ತರ ಹೇಳುತ್ತಾ ಹೇಳುತ್ತಾ ಪಾಠ ಕೂತುಬಿಟ್ಟಿತು. ಆಮೇಲೆ ದಿನಾ ಸಂಜೆ ಅದೇ ಕೆಲಸ. ಕಡಲೇಕಾಯಿಯೂ ಮುಗಿಯಿತು, ಪಾಠಗಳೂ ಮುಗಿದವು.

ಇದನ್ನೆಲ್ಲ ಕೇಳಿ ನನ್ನ ಹಳೇ ಅಂಕಣ ತೆಗೆದು ನೋಡಿದೆ. ಪುಸ್ತಕ ಮುಚ್ಚಿ ಬರಿ, ಬೇರೆಯವರಿಗೆ ಹೇಳಿಕೊಡು, ತಪ್ಪಾದರೆ ನೋಡಿ ತಿದ್ದಿಕೋ. ಪರೀಕ್ಷೆಗೆ ನಿಜವಾಗಿ ಬೇಕಾದ್ದು ಇವು. ನನ್ನ ಆ ವಾಟ್ಸಾಪ್ ಉಪದೇಶದಲ್ಲಿ ಇವು ಮೂರೂ ಇರಲಿಲ್ಲ. ನೀರು ಕುಡಿಯುವುದು ಇತ್ತು.

ಪರೀಕ್ಷೆ ಬಂತು. ಕನ್ನಡ ಪೇಪರ್ ದಿನ ನಾನು ಬೆಳಗ್ಗೆಯಿಂದ ಮನೆಯಲ್ಲಿ ಶತಪಥ ಹಾಕಿದೆ. "ನಮ್ಮ ಮಕ್ಕಳು ಬರೆಯುವಾಗ ಪೇಪರ್ ಓದ್ತಾ ಕಾಫಿ ಕುಡೀತಿದ್ರಿ" ಅಂದಳು ಹೆಂಡತಿ. ಮಧ್ಯಾಹ್ನ ಶಕುಂತಲಾಗೆ ಫೋನ್ ಮಾಡಿದೆ. ಅನಿತಾ ಒಳಗೆ ಹೋಗಿದ್ದಳು. ಬೆಲ್ ಹೊಡೆಯುವವರೆಗೂ ಕೂತಿದ್ದಳು. ಅಡಿಷನಲ್ ಶೀಟ್ ಕೂಡ ಕೇಳಿ ತೆಗೆದುಕೊಂಡಳಂತೆ. ಶಕುಂತಲಾ ಅದನ್ನು ಎರಡೆರಡು ಸಲ ಹೇಳಿದಳು.

ಮೊನ್ನೆ ರಿಸಲ್ಟ್ ಬಂತು. ಸಂಜೆ ಶಕುಂತಲಾ ನಂಬರಿಂದ ಫೋನು. ಆದರೆ ದನಿ ಅವಳದ್ದಲ್ಲ.

"ಸಾರ್, ಅನಿತಾ ಸಾರ್. ಪಾಸಾದೆ. ಕನ್ನಡದಾಗೂ ಆದೆ. ಪಿಯುಸಿಗೆ ಪಾವಗಡಕ್ಕೆ ಹೋಗ್ತೀನಿ. ಅಮ್ಮ ಬಸ್ ಪಾಸ್ ಮಾಡುಸ್ತೀನಿ ಅಂದೈತೆ."

ಎಷ್ಟು ಖುಷಿಯಾಯಿತೆಂದರೆ ಕೂತಲ್ಲಿಂದ ಎದ್ದುಬಿಟ್ಟೆ. ಆ ಕಿಟಕಿ, ಬೆಂಚಿನ ಮೇಲೆ ಬಿದ್ದ ಪೆನ್ನು, ಎಲ್ಲ ಕಣ್ಣ ಮುಂದೆ ಬಂತು. ಆ ಹುಡುಗಿಗೆ ಏನು ಹೇಳಲಿ? ಮಾತು ಹೊಸೆಯುವುದೇ ನನ್ನ ಕಸುಬಲ್ಲವೇ? ಬಾಯಿ ತೆರೆದೆ. ಹೊರಗೆ ಬಂದದ್ದು ಇದು:

"ಎಷ್ಟು ಪರ್ಸೆಂಟ್ ಬಂತಮ್ಮ?"

ಮಕ್ಕಳು ಹೇಗೋ ಪಾಸಾಗುತ್ತಾರೆ ಬಿಡಿ, ನಾವು ದೊಡ್ಡವರು ಪಾಸಾಗುವುದು ಯಾವಾಗ?