ಡೈನಮೋ ತಂತಿ ಕಿತ್ತವನು

ಭಾವನ ಪಟಪಟಿಯ ಡೈನಮೋ ತಂತಿ ಕಿತ್ತವನು ನಾನು. ಅವರು ಮರೆತಿರಲಿಲ್ಲ. ಇಷ್ಟು ಬರೆಯಲು ನನಗೆ ವರ್ಷಗಳು ಬೇಕಾದವು — ಕಾಲೇಜಿನ ಚರ್ಚಾಕೂಟದಲ್ಲಿ ಯಾವ ಪಕ್ಷ ಕೊಟ್ಟರೂ ನಿಂತ ಕಾಲಲ್ಲೇ ವಾದಿಸಿ ಗೆದ್ದುಬರುತ್ತಿದ್ದ ನನಗೆ.

ಅಕ್ಕನ ಗಂಡ ಶಿಕಾರಿಪುರದಲ್ಲಿ ದನದ ಡಾಕ್ಟರು. ಸೊರಬದ ಕಡೆಯ ಹಳ್ಳಿಗಳಿಗೂ ಅವರೇ ಹೋಗಬೇಕಿತ್ತು. ಅವರ ಹಳೆಯ ಪಟಪಟಿಗೂ ಒಂದು ಕಾಯಿಲೆ. ಬ್ಯಾಟರಿ ತುಂಬಿದ ಮೇಲೆ ಡೈನಮೋದ ಕರೆಂಟನ್ನು ತಡೆಯಬೇಕಾದ ರೆಗ್ಯುಲೇಟರ್ ಕೆಟ್ಟಿತ್ತು. ಹೊಸದು ಎಲ್ಲೂ ಸಿಕ್ಕಿರಲಿಲ್ಲ. ಗಾಡಿ ಓಡಿದಷ್ಟೂ ಕರೆಂಟು ನುಗ್ಗಿ ಬ್ಯಾಟರಿಯ ನೀರು ಕುದಿದು ಆರುತ್ತಿತ್ತು. ಅದಕ್ಕೆ ಭಾವ ಒಂದು ಕ್ರಮ ಇಟ್ಟುಕೊಂಡಿದ್ದರು: ಹಗಲೆಲ್ಲ ಡೈನಮೋದ ತಂತಿ ಕಿತ್ತಿಟ್ಟು, ನೆನಪಿಗೆಂದು ಹ್ಯಾಂಡಲ್‌ಗೆ ಕರವಸ್ತ್ರ ಕಟ್ಟುವುದು; ಸಂಜೆ ದೀಪಕ್ಕೆ ಕರೆಂಟು ಬೇಕಾದಾಗ ತಂತಿ ಸಿಕ್ಕಿಸಿ, ಕರವಸ್ತ್ರ ಬಿಚ್ಚಿ ಜೇಬಿಗಿಡುವುದು. ಭಾವನ ಹರಕೆ ಎಂದು ನಾನು ಗೇಲಿ ಮಾಡುತ್ತಿದ್ದೆ. “ನಿನ್ನ ಬಾಯಿಗೂ ಒಂದು ರೆಗ್ಯುಲೇಟರ್ ಬೇಕಿತ್ತು ನೋಡು” ಎಂದು ಅವರು ನಗುತ್ತಿದ್ದರು.

ರಜೆಗೆ ಬಂದಿದ್ದ ನಾನು ಆ ದಿನ ಅವರ ಹಿಂದೆ ಕೂತು ಹೋಗಿದ್ದೆ. ಸೊರಬದ ಆಚೆ ಒಂದು ಎಮ್ಮೆಗೆ ಕಷ್ಟದ ಹೆರಿಗೆ. ತೋಳು ಪೂರ್ತಿ ಒಳಗಿಟ್ಟು, ಅಡ್ಡ ತಿರುಗಿದ್ದ ಕರುವನ್ನು ಭಾವ ಜೀವಂತ ಹೊರತೆಗೆದರು. ಹೊರಡುವಾಗ ಇನ್ನೂ ಬಿಸಿಲಿತ್ತು. ಅವರು ತಂತಿ ಸಿಕ್ಕಿಸಿದರು, ಕರವಸ್ತ್ರ ಬಿಚ್ಚಿದರು. ಕತ್ತಲಾಗುವವರೆಗೆ ಬ್ಯಾಟರಿ ಸುಮ್ಮನೆ ಕುದಿಯುತ್ತದೆ, ಈಗಿರುವ ಚಾರ್ಜೇ ಮನೆ ಮುಟ್ಟಲು ಸಾಕು ಎಂದು ನಾನು ವಾದಕ್ಕೆ ನಿಂತೆ. ಕುದ್ದು ಕುದ್ದು ಅದರಲ್ಲಿ ಸತ್ವವೇ ಉಳಿದಿಲ್ಲ ಎಂದರು ಅವರು. ನಾನು ಒಪ್ಪಲಿಲ್ಲ. ಎಮ್ಮೆಯ ಯಜಮಾನ ಕಾಫಿಗೆ ಕರೆದಾಗ ಭಾವ ಒಳಗೆ ಹೋದರು — ನಾನು ತಂತಿ ಕಿತ್ತೆ. ಮನೆ ಮುಟ್ಟಿದ ಮೇಲೆ ತೋರಿಸಿ ಗೆಲ್ಲಬೇಕಿತ್ತು. ಅಷ್ಟೆ. ಅಷ್ಟಕ್ಕೇ.

ತಾಳಗುಂದ ದಾಟುವಷ್ಟರಲ್ಲಿ ಮಬ್ಬುಗತ್ತಲೆ. ದೀಪ ಕೆಂಪಗಾಗುತ್ತ ಬಂತು. ಆಗಲೂ ಹೇಳಬಹುದಿತ್ತು. ಬ್ಯಾಟರಿ ಇನ್ನಷ್ಟು ದೂರ ಎಳೆದರೆ ನನ್ನ ಮಾತೇ ಗೆಲ್ಲುತ್ತದೆ ಎಂದುಕೊಂಡು — ತಿರುವಿನಲ್ಲಿ ದೀಪ ಆರಿಯೇ ಹೋಯಿತು. ನಾನು ಗದ್ದೆಯ ಕೆಸರಿಗೆ ಬಿದ್ದೆ. ಭಾವನ ಬಲಗೈ ಮೋರಿಯ ಕಲ್ಲಿಗೆ ಬಡಿಯಿತು.

ಗಾಡಿಯನ್ನು ಮನೆಗೆ ತಂದಾಗ, ಪಟ್ಟಿ ಕಟ್ಟಿದ ಕೈ ಹೊತ್ತ ಭಾವ ಜೋತುಬಿದ್ದ ತಂತಿಯನ್ನೇ ನೋಡುತ್ತ ನಿಂತರು. “ಹಾಕಿದ್ನಲ್ಲೋ. ಕರವಸ್ತ್ರ ಜೇಬಲ್ಲೇ ಇತ್ತು.”

ಕರವಸ್ತ್ರ ಜೇಬಲ್ಲಿದ್ದರೆ ಕರವಸ್ತ್ರ ಬಿಚ್ಚಿದ್ದಷ್ಟೇ ರುಜುವಾತು ಎಂದೆ. ಆಮೇಲೆ ಕೇಳಿದೆ: “ತಂತಿ ಹಾಕಿದ್ದನ್ನ ನೋಡಿದೋರು ಯಾರು ಭಾವ?”

ಅವರು ಎಡಗೈಯಿಂದ ತಂತಿಯ ತುದಿ ಎತ್ತಿ ನೋಡಿದರು. “ಹಾಗಾದ್ರೆ... ಮರೆತೆನೇನೋ ಮಾರಾಯ.”

ನಾನು ಹೂಡಿದ ವಾದಗಳಲ್ಲೆಲ್ಲ ಅತಿ ಸಲೀಸಾಗಿ ಗೆದ್ದದ್ದು ಅದು.

ಆ ಮಣಿಕಟ್ಟು ಮತ್ತೆ ಸರಿಯಾಗಿ ಮಡಚಲಿಲ್ಲ. ಅಡ್ಡ ತಿರುಗಿದ ಕರುವನ್ನು ಅವರೀಗ ತೆಗೆಯಲಾರರು. ಆದರೆ ನನ್ನನ್ನು ತಿನ್ನುವುದು ಕೈಯಲ್ಲ. ಸೂಜಿಗೆ ಔಷಧಿ ಎಳೆಯುವಾಗ ಆಸ್ಪತ್ರೆಯ ಜವಾನನನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಬಾಗಿಲ ಚಿಲಕ ಹಾಕಿ ಅಕ್ಕನ ಕಡೆ ತಿರುಗುತ್ತಾರೆ: “ಹಾಕ್ದೆ ತಾನೆ? ನೀನು ನೋಡ್ದೆಯಲ್ಲ?” ಹಳ್ಳಿಗಳಲ್ಲಿ ಅವರಿಗೆ ಸಾಕ್ಷಿ ಡಾಕ್ಟ್ರು ಎಂದು ಹೆಸರು ಬಿದ್ದಿದೆ. ದೇವರು, ಜಾತಕ, ಶಕುನ — ಎಲ್ಲವನ್ನೂ ಸಂಶಯಿಸಿದವನು ನಾನು. ನನ್ನ ಮೇಲೆ ಬರಬೇಕಿದ್ದ ಸಂಶಯವನ್ನು ಮಾತ್ರ, ತನ್ನ ಕೈಯನ್ನು ತಾನು ನಂಬಿದ್ದ ಮನುಷ್ಯನೊಳಗೆ ಇಳಿಸಿಬಿಟ್ಟೆ.

ನಾಳೆ ಬೆಳಗಿನ ಬಸ್ಸಿಗೆ ಶಿಕಾರಿಪುರಕ್ಕೆ ಹೊರಡುತ್ತೇನೆ. ಅಕ್ಕನೂ ಎದುರಿಗಿರಲಿ. ಪೀಠಿಕೆ ಬೇಡ, ಸಮರ್ಥನೆ ಬೇಡ. ಅಂದು ನಾನೇ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟರೆ ಸಾಕು.

ನೋಡಿದೋನು ನಾನು, ಭಾವ. ನೀವು ತಂತಿ ಹಾಕಿದ್ರಿ.