ರವಿವಾರ ಮಾಯವಾಗುತ್ತಿದ್ದ ಬ್ಯಾಟು

1979ರಲ್ಲಿ ನಾನು ಸೋಲಾಪುರದ ನವಿ ಪೇಠೆಯ ಒಂದು ರೇಡಿಯೋ ಅಂಗಡಿಯಲ್ಲಿ ಮೆಕ್ಯಾನಿಕ್ ಆಗಿದ್ದೆ. ರೇಡಿಯೋ ಎಂಜಿನಿಯರಿಂಗ್ ಡಿಪ್ಲೊಮಾ ಮುಗಿಸಿ ಎರಡು ವರ್ಷವಾಗಿತ್ತು, ವಯಸ್ಸು ಇಪ್ಪತ್ತಮೂರು. ಅಕ್ಕಲಕೋಟೆಯ ದಾರಿಯಲ್ಲಿರುವ ನಮ್ಮೂರು ವಳಸಂಗದಿಂದ ದಿನಾ ಬೆಳಿಗ್ಗೆ ಸರ್ಕಾರಿ ಎಸ್.ಟಿ. ಬಸ್ಸು ಹಿಡಿದು ಬರುತ್ತಿದ್ದೆ. ಮೆಕ್ಯಾನಿಕ್ ನಾನೇ ಎಂಬುದು ಗಿರಾಕಿಗಳಿಗೆ ಗೊತ್ತಿರಲಿಲ್ಲ. ಮಾಲೀಕ ಬಾಬೂರಾಯರು ನನ್ನ ಮೇಜಿನ ಮುಂದೆ ಹೂವಿನ ಚಿತ್ರದ ಒಂದು ಪರದೆ ಕಟ್ಟಿಸಿದ್ದರು. ಹೆಣ್ಣುಮಗಳು ರೇಡಿಯೋ ಬಿಚ್ಚುತ್ತಾಳೆಂದು ತಿಳಿದರೆ ಜನ ಪಕ್ಕದ ಅಂಗಡಿಗೆ ಹೋಗುತ್ತಾರೆ ಎಂಬುದು ಅವರ ವಾದ. ಯಾರಾದರೂ ಕೇಳಿದರೆ "ನಮ್ಮ ಮೆಕ್ಯಾನಿಕ್ ನೋಡ್ತಾನ" ಎನ್ನುತ್ತಿದ್ದರು. ಹೀಗೆ ಎರಡು ವರ್ಷ ಆ ಪರದೆಯ ಹಿಂದೆ ನಾನು ಗಂಡಸಾಗಿದ್ದೆ. ಒಳಗೊಳಗೇ ಉರಿಯುತ್ತಿತ್ತು. ಆದರೆ ಕೆಲಸ ಇಷ್ಟವಾಗಿತ್ತು, ಆ ಮೇಜು ಬಿಟ್ಟರೆ ಊರಲ್ಲಿ ನನಗೆ ಕೂರಲು ಬೇರೆ ಮೇಜಿರಲಿಲ್ಲ.

ಆಗಿನ್ನೂ ಸೋಲಾಪುರಕ್ಕೆ ಟಿ.ವಿ. ಪ್ರಸಾರ ಬಂದಿರಲಿಲ್ಲ. ಇಂದಲ್ಲ ನಾಳೆ ಬಂದೀತೆಂದು ಬಾಬೂರಾಯರು ಮುಂಬೈಯಿಂದ ಎರಡು ಟಿ.ವಿ. ತರಿಸಿ ಇಟ್ಟಿದ್ದರು. ಒಂದು ಇಪ್ಪತ್ನಾಲ್ಕು ಇಂಚಿನದು, ಹಳೆಯ ಮಾದರಿಯ ಗಾಜಿನ ವಾಲ್ವಿನ ಸೆಟ್ಟು, ತೇಗದ ಬಣ್ಣದ ಪೆಟ್ಟಿಗೆ, ಎಳೆದು ಮುಚ್ಚುವ ಬಾಗಿಲು, ನಾಲ್ಕು ಕಾಲು. ಇನ್ನೊಂದು ಇಪ್ಪತ್ತು ಇಂಚಿನದು, ಪೂರ್ತಿ ಟ್ರಾನ್ಸಿಸ್ಟರಿನದು, ನೋಡಲು ಔಷಧಿ ಅಂಗಡಿಯ ಡಬ್ಬದ ಹಾಗೆ. ಹಚ್ಚಿದರೆ ಎರಡರಲ್ಲೂ ಜೋಳದ ಹಿಟ್ಟು ಜರಡಿ ಹಿಡಿದಂತೆ ಚುಕ್ಕೆ ಉದುರುತ್ತಿತ್ತು, ಅಷ್ಟೆ. ಒಂದು ವರ್ಷದಿಂದ ನಾನು ಅವುಗಳ ಧೂಳು ಒರೆಸುತ್ತಿದ್ದೆ.

ಅಂಥ ಊರಲ್ಲಿ ಟಿ.ವಿ. ಬೇಕೆಂದು ಹುಡುಕಿಕೊಂಡು ಬಂದವರು ಶಿವಶರಣಪ್ಪ ಶೇಠರು. ಸೋಲಾಪುರದಲ್ಲಿ ಅವರದು ಹೊದೆಯುವ ಚಾದರಿನ ದೊಡ್ಡ ಅಂಗಡಿ, ಮನೆ ಅಕ್ಕಲಕೋಟೆಯಲ್ಲಿ. ತಾಯಿ ಗುರಬಸವ್ವ, ತಮ್ಮ ಮಲ್ಲಿನಾಥ, ಇಬ್ಬರ ಹೆಂಡಿರು ಮಕ್ಕಳು, ಎಲ್ಲ ಒಂದೇ ಒಲೆ. ಮಲ್ಲಿನಾಥರ ಹೆಂಡತಿಯ ಅಣ್ಣ ಕುವೈತ್‌ನಲ್ಲಿ ನೌಕರಿಗಿದ್ದವನು ರಜೆಗೆ ಬಂದಾಗ ಒಂದು ಟಿ.ವಿ. ಗೇಮ್ ತಂದುಕೊಟ್ಟಿದ್ದ. ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ, ಅದರಿಂದ ಹೊರಟ ಎರಡು ವೈರು, ಪ್ರತಿ ವೈರಿನ ತುದಿಗೆ ಒಂದು ತಿರುಗಿಸುವ ಗುಂಡಿ. ಟಿ.ವಿ.ಗೆ ಜೋಡಿಸಿದರೆ ಸ್ಕ್ರೀನಿನ ನಡುವೆ ನೆಟ್ಟಿನ ಗೆರೆ, ಎರಡು ಅಂಚಿನಲ್ಲಿ ಎರಡು ಬಿಳಿ ಪಟ್ಟಿ, ಅವೇ ಬ್ಯಾಟು. ಗುಂಡಿ ತಿರುಗಿಸಿದರೆ ಬ್ಯಾಟು ಮೇಲೆ ಕೆಳಗೆ ಸರಿಯುತ್ತದೆ, ಚೌಕದ ಚೆಂಡು ಆಚೆ ಈಚೆ ಓಡಾಡುತ್ತದೆ. ಪ್ರಸಾರ ಬೇಕಿಲ್ಲ, ಆ್ಯಂಟೆನಾ ಬೇಕಿಲ್ಲ. ಬಾಬೂರಾಯರ ಮುಖ ಅರಳಿತು. ಶೇಠರ ದೊಡ್ಡಸ್ತಿಕೆಗೆ ತಕ್ಕದ್ದು ದೊಡ್ಡ ಸೆಟ್ಟೇ ಎಂದು ಎರಡೇ ಮಾತಿನಲ್ಲಿ ಒಪ್ಪಿಸಿಬಿಟ್ಟರು.

ಮನೆಗೆ ಕಳಿಸುವ ಮೊದಲು ಪರೀಕ್ಷೆ ಮಾಡುವುದು ನನ್ನ ಕೆಲಸ. ಇಲ್ಲಿ ಒಂದು ವಿಷಯ ತಿಳಿಸಿ ಹೇಳಬೇಕು. ಆ ಕಾಲದ ಟಿ.ವಿ.ಗಳಲ್ಲಿ ಚಿತ್ರವನ್ನು ಬೇಕೆಂದೇ ಗಾಜಿಗಿಂತ ಸ್ವಲ್ಪ ದೊಡ್ಡದಾಗಿ ಇಡುತ್ತಿದ್ದರು. ಇದಕ್ಕೆ ಓವರ್‌ಸ್ಕ್ಯಾನ್ ಎನ್ನುತ್ತಾರೆ. ವೋಲ್ಟೇಜ್ ಬಿದ್ದು ಚಿತ್ರ ಕುಗ್ಗಿದರೂ ಸುತ್ತ ಕಪ್ಪು ಅಂಚು ಕಾಣಬಾರದು ಎಂಬ ಉಪಾಯವದು. ಸಿನಿಮಾದಲ್ಲಿ ಅಂಚಿನ ಒಂದು ಬೆರಳು ಕತ್ತರಿಸಿ ಹೋದರೆ ಯಾರೂ ಅಳುವುದಿಲ್ಲ. ಆದರೆ ಈ ಆಟದಲ್ಲಿ ಬ್ಯಾಟು ನಿಲ್ಲುವುದೇ ಅಂಚಿನಲ್ಲಿ. ನಮ್ಮಲ್ಲಿ ವೇರಿಯಾಕ್ ಎಂಬ ಉಪಕರಣವಿತ್ತು, ಚಕ್ರ ತಿರುಗಿಸಿದರೆ ವೋಲ್ಟೇಜನ್ನು ಬೇಕಾದಷ್ಟು ಏರಿಸಬಹುದು, ಇಳಿಸಬಹುದು. ದೊಡ್ಡ ಸೆಟ್ಟಿಗೆ 220 ಕೊಟ್ಟಾಗ ಎರಡೂ ಬ್ಯಾಟು ಕಂಡವು. 250 ದಾಟಿಸಿದೆ, ಚಿತ್ರ ಹಿಗ್ಗಿ ಬಲಗಡೆಯ ಬ್ಯಾಟು ಚೌಕಟ್ಟಿನ ಹಿಂದೆ ಹೋಗಿ ಕೂತಿತು. ಅಗಲ ಕಡಿಮೆ ಮಾಡುವ ಕಾಯಿಲನ್ನು ಪೂರ್ತಿ ತಿರುಗಿಸಿದರೂ ಹೊರಗೆ ಬರಲಿಲ್ಲ. ಸಣ್ಣ ಸೆಟ್ಟನ್ನು 180ರಿಂದ 260ರವರೆಗೆ ಏರಿಸಿ ಇಳಿಸಿ ನೋಡಿದೆ, ಅಂಚು ಒಂದು ಎಳೆಯಷ್ಟೂ ಅಲುಗಲಿಲ್ಲ.

ಬಾಬೂರಾಯರಿಗೆ ಹೇಳಿದೆ. ಅಕ್ಕಲಕೋಟೆಯಲ್ಲಿ ವೋಲ್ಟೇಜ್ ಬೀಳುತ್ತದೆಯೇ ಹೊರತು ಏರುವುದಿಲ್ಲ, ಬಿದ್ದಾಗ ಎತ್ತಲು ಸ್ಟೆಬಿಲೈಸರ್ ಕೊಡುತ್ತಿದ್ದೇವೆ, ನೀನು ನಿನ್ನ ಕೆಲಸ ನೋಡು ಎಂದರು. ಪರದೆಯ ಆಚೆ ಶೇಠರು ಚಹಾ ಕುಡಿಯುತ್ತಿದ್ದರು. ನಾಲ್ಕು ಹೆಜ್ಜೆ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಟೆಂಪೋದಲ್ಲಿ ದೊಡ್ಡ ಸೆಟ್ಟು ಹೋಯಿತು.

ಐದು ವಾರದ ಮೇಲೆ ಒಂದು ಸೋಮವಾರ ಶೇಠರು ಅಂಗಡಿಗೆ ಬಂದರು. ಈ ಸಲ ಚಹಾ ಬೇಡವೆಂದರು. ಹುಡುಗರು ವಾರವೆಲ್ಲ ಆಡುತ್ತಾರೆ, ಏನೂ ತೊಂದರೆಯಿಲ್ಲ. ತಾವು ರವಿವಾರ ಮನೆಯಲ್ಲಿದ್ದು ತಮ್ಮನ ಜೊತೆ ಕೂತರೆ ಮಾತ್ರ ಆಟ ಕೆಡುತ್ತದೆ, ಐದು ರವಿವಾರದಿಂದ ಒಂದು ಸಲವೂ ಗೆದ್ದಿಲ್ಲ, ಮನೆಮಂದಿಯೆಲ್ಲ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಾರೆ ಎಂದರು. ನಿಮ್ಮ ಮೆಕ್ಯಾನಿಕ್ ವೈರು ತಪ್ಪಾಗಿ ಜೋಡಿಸಿದ್ದಾನೆ, ಅವನನ್ನು ಕೆಲಸದಿಂದ ತೆಗೆಯಿರಿ, ಇಲ್ಲವಾದರೆ ಪೇಠೆಯಲ್ಲಿ ಈ ಅಂಗಡಿಯ ಹೆಸರು ಕೆಡಿಸುತ್ತೇನೆ ಎಂದರು. ಬಾಬೂರಾಯರು "ತಗದಬಿಡ್ತೀನ್ರಿ" ಎಂದದ್ದು ನನ್ನ ಕಿವಿಗೆ ಬಿತ್ತು.

ರವಿವಾರ ಎಂಬ ಮಾತು ಕೇಳಿದ ಕೂಡಲೇ ನನಗೆ ರೋಗ ಗೊತ್ತಾಗಿತ್ತು. ಅಂದು ಅಕ್ಕಲಕೋಟೆಯ ಎಣ್ಣೆ ಗಿರಣಿ, ಹಿಟ್ಟಿನ ಗಿರಣಿ ಎಲ್ಲ ಬಂದ್. ಕರೆಂಟು ಎಳೆಯುವವರಿಲ್ಲದೆ ವೋಲ್ಟೇಜ್ ಏರುತ್ತದೆ. ಸ್ಟೆಬಿಲೈಸರಿಗೆ ಬಿದ್ದದ್ದನ್ನು ಎತ್ತಲು ಬರುತ್ತಿತ್ತು, ಏರಿದ್ದನ್ನು ಇಳಿಸಲು ಬರುತ್ತಿರಲಿಲ್ಲ. ಪರದೆ ಸರಿಸಿ ಹೊರಗೆ ಬಂದೆ.

"ಜೋಡಿಸಿದಾಕಿ ನಾನರಿ. ಈ ರವಿವಾರ ಮನಿಗಿ ಬರ್ತೀನಿ, ನೀವು ಆಡೂ ಹೊತ್ತಿಗೇ ಬರ್ತೀನಿ" ಎಂದೆ.

ಶೇಠರು ನನ್ನನ್ನೂ ನನ್ನ ಕೈಯಲ್ಲಿದ್ದ ಬೆಸುಗೆಯ ಸೋಲ್ಡರ್ ಕಡ್ಡಿಯನ್ನೂ ನೋಡಿದರು. ಹತ್ತು ಗಂಟೆಗೆ ಬಾ ಎಂದು ಹೇಳಿ ಹೊರಟರು. ಅವರು ಹೋದ ಮೇಲೆ ಬಾಬೂರಾಯರು ನನಗೆ ಹೇಳಬೇಕಾದದ್ದನ್ನೆಲ್ಲ ಹೇಳಿದರು. ಹೋಗಿ ನಾಲ್ಕು ಸ್ಕ್ರೂ ತಿರುಗಿಸಿದ ಹಾಗೆ ಮಾಡಬೇಕು, ಸರಿಯಾಯಿತು ಎನ್ನಬೇಕು, ಸೆಟ್ಟಿನ ದೋಷದ ಮಾತು ಎತ್ತಬಾರದು. ಕೊನೆಗೆ ಹೇಳಿದ್ದು ಇದು: "ಸೆಟ್ ವಾಪಸ್ ಬರಬಾರದು. ಬಂದ್ರ, ನೀ ಬರೂವಾಗ ವಳಸಂಗದಾಗ ಇಳದಬಿಡು. ಸೋಲಾಪುರ ತನಕಾ ಬರಬ್ಯಾಡ."

ರವಿವಾರ ಹತ್ತು ಕಿಲೋದ ವೇರಿಯಾಕನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಅಕ್ಕಲಕೋಟೆಯ ಬಸ್ಸು ಹತ್ತಿದೆ. ಕಂಡಕ್ಟರು ಒಳಗೆ ಏನಿದೆ ಎಂದು ಕೇಳಿದ. ಬೀಸುವ ಕಲ್ಲು ಎಂದೆ, ಟಿಕೀಟು ಹರಿದುಕೊಟ್ಟ.

ಹತ್ತು ಗಂಟೆಯ ಹೊತ್ತಿಗೆ ಶೇಠರ ಪಡಸಾಲೆಯಲ್ಲಿ ಮನೆಮಂದಿಯೆಲ್ಲ ನೆರೆದಿತ್ತು. ಮೊದಲು ಮೀಟರು ಹಚ್ಚಿ ನೋಡಿದೆ, 255 ವೋಲ್ಟ್. ಅಣ್ಣ ತಮ್ಮ ಆಡಲು ಕೂತರು. ಅಣ್ಣ ಬಲಗಡೆ, ತಮ್ಮ ಎಡಗಡೆ. ಚೆಂಡು ಬಲಕ್ಕೆ ಹೋದದ್ದು ಹೋಯಿತು, ಒಂದೂ ತಿರುಗಿ ಬರಲಿಲ್ಲ. ನೋಡುವವರ ಕಣ್ಣೆಲ್ಲ ಚೆಂಡಿನ ಮೇಲೆ, ಶೇಠರಿಗೆ ಆಡಲು ಬಾರದೆಂದೇ ಅವರು ನಗುತ್ತಿದ್ದರು, ಬ್ಯಾಟು ಇದೆಯೋ ಇಲ್ಲವೋ ಎಂದು ಯಾರೂ ನೋಡಿರಲಿಲ್ಲ. ಜಾಗ ಅದಲು ಬದಲು ಮಾಡಿರಿ ಎಂದೆ. ಯಾರೂ ಏಳಲಿಲ್ಲ. ಅಣ್ಣನ ಬಲಗಡೆ ತಾನು ಕೂರುವುದೆಂದರೇನು ಎಂದು ಮಲ್ಲಿನಾಥರು ನಾಲಿಗೆ ಕಚ್ಚಿಕೊಂಡರು. ಆ ಮನೆಯಲ್ಲಿ ಬಲಗಡೆ ಹಿರಿಯರ ಜಾಗ. ಐದು ರವಿವಾರ ಈ ದೋಷ ಯಾರ ಕೈಗೂ ಸಿಗದೆ ಉಳಿದದ್ದು ಹೇಗೆಂದು ಆಗ ನನಗೆ ತಿಳಿಯಿತು. ಬೇರೆ ಯಾವ ಮನೆಯಲ್ಲಾದರೂ ಸೋತವನು ಎರಡನೆಯ ಆಟಕ್ಕೇ ಜಾಗ ಬದಲಿಸುತ್ತಿದ್ದ.

ಶೇಠರಿಗಿಂತ ಹಿರಿಯರು ಅಲ್ಲಿ ಒಬ್ಬರೇ ಇದ್ದರು. ನಾನು ಗುರಬಸವ್ವನವರ ಕಡೆ ತಿರುಗಿ, ನೀವು ಒಂದು ಆಟ ಆಡಿರಿ ಎಂದು ಕೇಳಿದೆ. ಎಪ್ಪತ್ತು ದಾಟಿದ ಜೀವ. ತಮಾಷೆ ಮಾಡುತ್ತೀಯೇನೆ ಎನ್ನುವ ಹಾಗೆ ನೋಡಿದವರು, ಏನನ್ನಿಸಿತೋ, ಎದ್ದು ಬಂದು ಮಗನನ್ನು ಎಬ್ಬಿಸಿ ಬಲಗಡೆ ಕೂತರು. ಗುಂಡಿಯನ್ನು ಅತ್ತ ಇತ್ತ ತಿರುಗಿಸಿದರು.

"ಮಲ್ಲ್ಯಾಂದು ಕಾಣತೈತಿ. ನನ್ನ ಬ್ಯಾಟ ಎಲ್ಲೈತಿ?" ಎಂದರು.

ಎಲ್ಲರೂ ನಕ್ಕರು. ಅವ್ವನ ಕಣ್ಣಿಗೆ ಆಪರೇಷನ್ ಆಗಿದೆ ಎಂದು ಸೊಸೆ ನನಗೆ ವಿವರಿಸಿದಳು. ನಗದೆ ಇದ್ದವರು ಶಿವಶರಣಪ್ಪನವರು ಒಬ್ಬರೇ. ತಾಯಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಬಹಳ ಸಣ್ಣ ದನಿಯಲ್ಲಿ ಕೇಳಿದರು.

"ಅವ್ವಾ, ನಿನಗೂ ಕಾಣವಲ್ದೇನ?"

ನಾನು ವೇರಿಯಾಕನ್ನು ಜೋಡಿಸಿ ಚಕ್ರವನ್ನು ಇಳಿಸುತ್ತ ಬಂದೆ. 250, 240, 230. ಚೌಕಟ್ಟಿನ ಹಿಂದಿನಿಂದ ಬ್ಯಾಟು ಮೆಲ್ಲಗೆ ಹೊರಗೆ ಬಂತು. ಮತ್ತೆ ಏರಿಸಿದೆ, ಹೋಯಿತು. ಇಳಿಸಿದೆ, ಬಂತು. ಮೂರು ಸಲ ಹೀಗೆ ಮಾಡಿ ತೋರಿಸಿದೆ.

"ನಿಮ್ಮ ಕಣ್ಣು ಬರೋಬ್ಬರಿ ಅದಾವರಿ ಶೇಠರ. ತಪ್ಪು ಟಿ.ವಿ.ದು. ಮಾರೂ ದಿನಾನೇ ನನಗ ಗೊತ್ತಿತ್ತು. ಹೇಳಲಿಲ್ಲ, ಅದು ನನ್ನ ತಪ್ಪು" ಎಂದೆ.

ಅವರು ಬೈಯುತ್ತಾರೆಂದು ನಾನು ಸೆಟೆದು ನಿಂತಿದ್ದೆ. ಅವರು ಬೈಯಲಿಲ್ಲ. ಹುಡುಗರಿಗೆ ವಾರವಿಡೀ ಕಾಣುವ ಬ್ಯಾಟು ತಮಗೊಬ್ಬರಿಗೆ ಕಾಣದಾದಾಗ ಕಣ್ಣು ಹೋಯಿತೆಂದೇ ತಿಳಿದಿದ್ದರಂತೆ. ಚಾದರಿನ ವ್ಯಾಪಾರಿಗೆ ಕಣ್ಣೇ ಬಂಡವಾಳ. ಎಳೆ ತಪ್ಪಿದ್ದು, ಬಣ್ಣ ಒಡೆದದ್ದು ಮಗ್ಗದವನ ಎದುರಿಗೇ ಗುರುತಿಸಬೇಕು. ಒಂದು ತಿಂಗಳಿಂದ ಅವರು ಮಾಲನ್ನು ಮುಟ್ಟಿ ನೋಡುವುದನ್ನೇ ಬಿಟ್ಟು, ಏನೋ ನೆಪ ಹೇಳಿ ಗುಮಾಸ್ತನ ಕೈಗೆ ಕೊಟ್ಟಿದ್ದರು. ಯಾರಿಗೂ ಹೇಳಿರಲಿಲ್ಲ, ಡಾಕ್ಟರ ಹತ್ತಿರವೂ ಹೋಗಿರಲಿಲ್ಲ, ಹೋದರೆ ನಿಜವಾಗಿಬಿಡುತ್ತದೆ ಎಂಬ ಅಂಜಿಕೆ. ಇಷ್ಟನ್ನೂ ಅವರು ಹೇಳಿದ್ದು ತಾಯಿಗೆ. ನಾನು ವೈರು ಸುತ್ತುತ್ತ ಕೇಳಿಸಿಕೊಂಡೆ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು, ಬಾಬೂರಾಯರ ಮೇಲೆ, ನನ್ನ ಮೇಲೆ.

ಟಿ.ವಿ. ಆರಿಸಿದಾಗ ಇನ್ನೊಂದು ಕಾಣಿಸಿತು. ಅಂಗಳದ ಬಿಸಿಲು ಗಾಜಿನ ಮೇಲೆ ಬಿದ್ದು, ನಡುವೆ ನೆಟ್ಟಿನ ಗೆರೆ ಬೂದಿ ಬಣ್ಣದಲ್ಲಿ ಹಾಗೇ ನಿಂತಿತ್ತು. ಪಿಕ್ಚರ್ ಟ್ಯೂಬಿನ ಒಳಗೆ ಬೆಳಕು ಕೊಡುವ ಫಾಸ್ಫರ್ ಎಂಬ ಪುಡಿಯ ಲೇಪವಿರುತ್ತದೆ. ಒಂದೇ ಗೆರೆ ಒಂದೇ ಜಾಗದಲ್ಲಿ ದಿನವೂ ತಾಸುಗಟ್ಟಲೆ ಉರಿದರೆ ಅಲ್ಲಿನ ಲೇಪ ಸವೆಯುತ್ತದೆ. ಓದಿ ಗೊತ್ತಿತ್ತು, ಐದೇ ವಾರದಲ್ಲಿ ಆದೀತೆಂದು ನಾನು ಎಣಿಸಿರಲಿಲ್ಲ. ಹುಡುಗರು ಬ್ರೈಟ್‌ನೆಸ್ ಪೂರ್ತಿ ಏರಿಸಿ ಆಡಿದ್ದರು. ಅದನ್ನೂ ಮುಚ್ಚಿಡದೆ ತೋರಿಸಿದೆ. ಹಾಗಾದರೆ ಯಾವ ಸೆಟ್ಟು ತೆಗೆದುಕೊಳ್ಳಬೇಕು ಎಂದು ಮಲ್ಲಿನಾಥರು ಕೇಳಿದರು. ಸಣ್ಣದು, ನೋಡಲು ಡಬ್ಬದ ಹಾಗಿದೆ, ಬ್ರೈಟ್‌ನೆಸ್ ಅರ್ಧಕ್ಕಿಂತ ಏರಿಸಬೇಡಿರಿ, ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಆಡಬೇಡಿರಿ ಎಂದೆ.

ಬಸ್ಸು ವಳಸಂಗದಲ್ಲಿ ನಿಂತಿತು. ಇಳಿದೆ, ಮನೆಗೆ ಹೋದೆ, ಅವ್ವನಿಗೂ ಅಪ್ಪನಿಗೂ ಏನೂ ಹೇಳಲಿಲ್ಲ. ಸೋಮವಾರ ಬೆಳಿಗ್ಗೆ ಎಂದಿನ ಬಸ್ಸು ಹಿಡಿದು ಸೋಲಾಪುರಕ್ಕೇ ಹೋದೆ.

ದೊಡ್ಡ ಸೆಟ್ಟು ನನಗಿಂತ ಮುಂಚೆ ಬಂದು ಅಂಗಡಿಯ ಬಾಗಿಲಲ್ಲಿ ಟೆಂಪೋದಲ್ಲಿ ನಿಂತಿತ್ತು. ಶೇಠರು ಸಣ್ಣದನ್ನು ಹಾಕಿಸಿಕೊಂಡು ಹೋದರು. ಗಾಜಿನ ಮೇಲಿನ ಗೆರೆ ನೋಡಿ ಬಾಬೂರಾಯರು ತಲೆಯ ಮೇಲೆ ಕೈಯಿಟ್ಟು ಕೂತರು, ಆಮೇಲೆ ನನ್ನನ್ನು ಕರೆದರು. ಇನ್ನು ಅದನ್ನು ಹೊಸದೆಂದು ಯಾರು ಕೊಳ್ಳುತ್ತಾರೆ, ನಿನ್ನಿಂದ ಅಂಗಡಿ ಮುಳುಗಿತು ಎಂದರು. ಒಂದು ಬಿಳಿ ಹಾಳೆ ನನ್ನ ಮುಂದೆ ತಳ್ಳಿ ರಾಜೀನಾಮೆ ಬರೆದುಕೊಡು ಎಂದರು.

ನಾನು ಹಾಳೆಯನ್ನು ಅವರ ಕಡೆಗೇ ತಳ್ಳಿದೆ.

"ನಾ ಬಿಡಂಗಿಲ್ಲರಿ. ನೀವು ತಗೀರಿ. ಯಾಕ ತಗದ್ರಿ ಅಂತ ಬರೀರಿ. ಟಿ.ವಿ. ತಪ್ಪು ಐತಿ ಅಂತ ಗಿರಾಕಿಗೆ ಖರೇ ಹೇಳಿದ್ದಕ್ಕ ತಗದೀನಿ ಅಂತ ಬರದು ಸಹಿ ಮಾಡ್ರಿ. ಆ ಕಾಗದ ತಗೊಂಡೇ ಬಾಜೂ ದುಕಾನದಾಗ ನೌಕರಿ ಕೇಳ್ತೀನಿ."

ಅವರು ನಿಜವಾಗಿಯೂ ಪೆನ್ನು ತೆಗೆದರು. ತಾರೀಖು ಬರೆದರು. ನನ್ನ ಹೆಸರು ಬರೆದರು. ಅಲ್ಲಿಗೆ ಪೆನ್ನು ನಿಂತಿತು. ನಾನು ಕೈಕಟ್ಟಿ ನಿಂತೇ ಇದ್ದೆ. ಹಾಳೆಯನ್ನೊಮ್ಮೆ, ಪಕ್ಕದ ಅಂಗಡಿಯ ಕಡೆಗೊಮ್ಮೆ ನೋಡಿ, ಪೆನ್ನಿನ ಟೋಪಿ ಹಾಕಿ, ಆ ಮರ್ಫಿ ಕಂಪನಿಯ ರೇಡಿಯೋ ಮಧ್ಯಾಹ್ನದೊಳಗೆ ಆಗಬೇಕು ಎಂದರು. ನಾನು ಹೋಗಿ ಮೇಜಿನ ಮುಂದೆ ಕೂತೆ. ಅಲ್ಲಿ ಇನ್ನೂ ಆರು ವರ್ಷ ಕೂತೆ, ಆಮೇಲೆ ನನ್ನದೇ ಅಂಗಡಿ ಹಾಕಿದೆ.

ಈ ಕಥೆ ಕೇಳಿದವರು ನನ್ನ ಧೈರ್ಯವನ್ನು ಹೊಗಳುತ್ತಾರೆ. ಹೊಗಳಲಿ, ಬೇಡವೆನ್ನುವುದಿಲ್ಲ. ಆದರೆ ವೃತ್ತಿ ನನಗೆ ಕಲಿಸಿದ್ದು ಧೈರ್ಯವಲ್ಲ. ತನಗೆ ಕಾಣುತ್ತಿಲ್ಲ ಎಂದು ಹೇಳಿಕೊಳ್ಳಲು ಮನುಷ್ಯ ಬಹಳ ಅಂಜುತ್ತಾನೆ. ಯಂತ್ರವನ್ನು ಅಳೆದು ನೋಡಿದವರು ಬಾಯಿ ಬಿಡದಿದ್ದರೆ ಯಂತ್ರದ ತಪ್ಪನ್ನು ಅವನು ತನ್ನ ಮೈಮೇಲೆ ಹೊತ್ತುಕೊಳ್ಳುತ್ತಾನೆ. ಪರದೆಯಾಚೆ ಶೇಠರು ಚಹಾ ಕುಡಿಯುತ್ತಿದ್ದಾಗ ನಾನು ನಾಲ್ಕು ಹೆಜ್ಜೆ ನಡೆಯಲಿಲ್ಲ. ಅದಕ್ಕಾಗಿ ಒಬ್ಬ ಮನುಷ್ಯ ಐದು ವಾರ ತಾನು ಕುರುಡನಾಗುತ್ತಿದ್ದೇನೆಂದು ತಿಳಿದು, ಯಾರಿಗೂ ಹೇಳದೆ ಬದುಕಿದ.