ಭಾಮೈದನ ಎದೆನೋವು ಮತ್ತು ಸಾಹುಕಾರರ ನಶ್ಯ

ರೇಷ್ಮೆಗೆ ಒಳ್ಳೆಯ ಬೆಲೆ ಬಂದು, ರಾಮನಗರದ ಬೀದಿಬೀದಿಯಲ್ಲೂ ಗೂಡು ಬೇಯಿಸುವ ವಾಸನೆ ಹಬ್ಬಿದ್ದ ಕಾಲ. ನಾನು ಮತ್ತು ನನ್ನ ಭಾಮೈದ, ಅಂದರೆ ಹೆಂಡತಿಯ ತಮ್ಮ, ಪಾಲುದಾರಿಕೆಯಲ್ಲಿ ನೂಲಿನ ವ್ಯಾಪಾರ ಮಾಡುತ್ತಿದ್ದೆವು. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳು ಸತ್ತಿದೆಯೋ ಇಲ್ಲವೋ ಹೇಳಬಲ್ಲ ಭಾಮೈದನಿಗೆ ತನ್ನ ಎದೆಯ ಸದ್ದು ಮಾತ್ರ ತಿಳಿಯಲಿಲ್ಲ.

ಬೆಂಗಳೂರಿನ ಸೀರೆ ವ್ಯಾಪಾರಿಯೊಬ್ಬರ ಪಾರ್ಟಿಗೆ ಹೋಗಿದ್ದವನು ಬೆಳಿಗ್ಗೆ ಬಂದು ಮೀಸೆ ತಿರುವಿದ.

"ಭಾವ, ಸಾವ್ಕಾರ್ರ ನಶ್ಯ ಏರಿಸ್ಬುಟ್ಟೆ! ಕೊಕೇನ್ ಅಂತೆ. ನಮ್ ತಾತಂದು ಅದ್ರ ಮುಂದೆ ಬರೀ ಬೂದಿ."

"ಮೂಗು ಇನ್ನೂ ಐತೇನ್ಲಾ?" ಎಂದೆ.

ನಗಲು ಹೋದವನು ಎದೆ ಹಿಡಿದುಕೊಂಡು ಗೂಡಿನ ಮೂಟೆಯ ಮೇಲೆ ಕುಸಿದ. ಮೈಯೆಲ್ಲ ಬೆವರು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆ.

ಡಾಕ್ಟರಮ್ಮ ಇ.ಸಿ.ಜಿ. ನೋಡಿ, "ಏನಾದ್ರೂ ತಗೊಂಡಿದ್ರಾ?" ಎಂದು ಕೇಳಿದರು.

"ಏನಿಲ್ಲ ಮೇಡಂ, ಗ್ಯಾಸು. ಬಿರಿಯಾನಿ ಒಸಿ ಜಾಸ್ತಿ ಆಯ್ತು" ಎಂದ ಭಾಮೈದ.

ಕೇಳಿದ ಕೂಡಲೇ ನಿಜ ಹೇಳಿದವನು ಕೆಟ್ಟ ಎನ್ನುವುದು ನಮ್ಮ ಕಸುಬಿನ ನಂಬಿಕೆ. ಆಗೆಲ್ಲ ನಾಲ್ಕು ಜನರ ಎದುರು ಬೆಲೆ ಆಡುತ್ತಿರಲಿಲ್ಲ. ಟವೆಲ್ಲಿನ ಕೆಳಗೆ ಬೆರಳು ಹಿಡಿದೇ ವ್ಯಾಪಾರ ಮುಗಿಸುತ್ತಿದ್ದೆವು. ಈ ಮಹಾಶಯ ಸಾಯುವ ಹೊತ್ತಿನಲ್ಲೂ ಹೊದಿಕೆಯ ಕೆಳಗೆ ನನ್ನ ಬೆರಳು ಹಿಡಿದು ಅದುಮಿದ: ಬಾಯಿ ಬಿಡಬೇಡ ಎಂಬ ಸನ್ನೆ. ನಾನು ಕೈ ಕಿತ್ತುಕೊಂಡೆ.

"ಮೇಡಂ, ಇವ್ನು ರಾತ್ರಿ ಕೊಕೇನ್ ಮೂಗಿಗೆ ಏರಿಸವ್ನೆ."

ಡಾಕ್ಟರಮ್ಮ ಬೈಯಲಿಲ್ಲ. ಕೊಡಬೇಕೆಂದಿದ್ದ ಒಂದು ಔಷಧಿ ಬಿಟ್ಟು ಬೇರೆಯದನ್ನು ನರ್ಸಿಗೆ ಹೇಳಿದರು.

"ಇದು ಗೊತ್ತಾಗದೆ ಬಡಿತ ಇಳಿಸೋ ಔಷಧಿ ಕೊಟ್ಟಿದ್ರೆ, ರಕ್ತನಾಳ ಇನ್ನೂ ಬಿಗಿದುಕೊಳ್ಳೋ ಅಪಾಯ ಇತ್ತು" ಎಂದು ನನ್ನ ಕಡೆ ತಿರುಗಿದರು. "ಆ ಪುಡಿ ಹೃದಯನ ಓಡಿಸುತ್ತೆ, ಬಿ.ಪಿ. ಏರಿಸುತ್ತೆ, ರಕ್ತನಾಳ ಹಿಂಡುತ್ತೆ. ಗಾಯ ಆದಾಗ ರಕ್ತ ನಿಲ್ಲಿಸೋ ಕಣಗಳಿವೆಯಲ್ಲ, ಅವು ಗಾಯವೇ ಇಲ್ಲದೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹೆಪ್ಪು ಕಟ್ಟಿ ದಾರಿ ಮುಚ್ಚಿದ್ರೆ ಹಾರ್ಟ್ ಅಟ್ಯಾಕ್. ಚಿಕ್ಕ ವಯಸ್ಸು ಅಂತ ಬಿಡಲ್ಲ."

ಸಂಜೆಗೆ ನೋವು ಇಳಿಯಿತು. ಇಳಿದದ್ದೇ ತಡ, ಚೌಕಾಸಿ ಶುರು.

"ಮೇಡಂ, ವರ್ಷಕ್ಕೊಂದ್ಸಲ ಒಸಿ ತಗಂಡ್ರೆ?"

"ಒಂದೇ ಸಲ, ಒಸಿ ತಗೊಂಡೇ ಅಲ್ವೇನ್ರೀ ಇಲ್ಲಿ ಮಲಗಿರೋದು?"

ನೀವೂ ಕೇಳಿಟ್ಟುಕೊಳ್ಳಿ: ಸೀರೆ ವ್ಯಾಪಾರಿಯ ಮುಂದೆ ಏನನ್ನಾದರೂ ಮುಚ್ಚಿಡಿ, ಅದು ಜಾಣತನ. ಡಾಕ್ಟರ ಮುಂದೆ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಿ. ಅಲ್ಲಿ ಜಾಣತನ ತೋರಿಸಿದರೆ ನಷ್ಟ ನಿಮ್ಮದೇ.

ಡಾಕ್ಟರಮ್ಮ ಆಚೆ ಹೋದ ಮೇಲೆ ಭಾಮೈದ ಪಿಸುಗುಟ್ಟಿದ. "ಅಕ್ಕಂಗೆ ಮಾತ್ರ ಗ್ಯಾಸು ಅಂತ ಹೇಳು ಭಾವ. ನಿನ್ ಕಾಲ್ ಹಿಡ್ಕತೀನಿ."

"ಫೋನಲ್ಲಿ ಎಲ್ಲಾ ಹೇಳಾಯ್ತು ಕಣ್ಲಾ. ತವರಿಗೆ ಹೋಗಿದ್ದೋಳು ಮಾಗಡಿಯಿಂದ ಬಸ್ ಹತ್ತವ್ಳೆ."

ಹೊದಿಕೆಯನ್ನು ಕತ್ತಿನವರೆಗೂ ಎಳೆದುಕೊಂಡು ಬಾಗಿಲ ಕಡೆ ಕೂಗಿದ: "ಸಿಸ್ಟರ್, ಪೇಶೆಂಟ್‌ಗೆ ರೆಸ್ಟ್ ಬೇಕು, ಯಾರ್ನೂ ಒಳಕ್ಕೆ ಬುಡ್ಬೇಡಿ!"